ಚರಣದ ನಡುವೆ ಒಂದು ‘ಟಕ್’

ನಾಲ್ಕು ನಿಮಿಷದ ಒಂದು ಭಾವಗೀತೆಯನ್ನು ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಹಾಕಿ ಕೇಳುವಷ್ಟರಲ್ಲಿ ಕಂಪ್ಯೂಟರ್ ನಲವತ್ತೊಂದು ಸಾವಿರಕ್ಕೂ ಹೆಚ್ಚು ಗಡುವುಗಳನ್ನು ಪಾಲಿಸಿರುತ್ತದೆ. ಲೆಕ್ಕ ಸುಲಭ. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ ಇರುತ್ತವೆ. ಸಾಫ್ಟ್‌ವೇರ್ ಇವನ್ನು ಒಂದೊಂದಾಗಿ ಸೌಂಡ್ ಕಾರ್ಡಿಗೆ ಕೊಡುವುದಿಲ್ಲ, ಕಂತು ಕಟ್ಟಿ ಕೊಡುತ್ತದೆ. ಕಂತಿಗೆ 256 ಸ್ಯಾಂಪಲ್ ಎಂದು ಇಟ್ಟರೆ ಸೆಕೆಂಡಿಗೆ 172 ಕಂತು, ಒಂದೊಂದಕ್ಕೂ ಸಿಗುವ ಸಮಯ 5.8 ಮಿಲಿಸೆಕೆಂಡು. ಅಷ್ಟರೊಳಗೆ ಇಪ್ಪತ್ತು ಮೂವತ್ತು ಟ್ರ್ಯಾಕುಗಳನ್ನು ಡಿಸ್ಕಿನಿಂದ ತಂದು, ಗಾಯಕಿಯ ದನಿಯನ್ನು ಕಂಪ್ರೆಸರಿನಲ್ಲಿ ಹಾಯಿಸಿ, ಕೊಳಲಿಗೆ ರಿವರ್ಬ್ ಕೊಟ್ಟು, ತಬಲಾವನ್ನು ಸ್ವಲ್ಪ ತಗ್ಗಿಸಿ, ಎಲ್ಲ ಕೂಡಿಸಿ ಎರಡು ಸ್ಪೀಕರಿಗೆ ಒಪ್ಪಿಸಬೇಕು. ಒಂದೇ ಒಂದು ಕಂತು ತಡವಾದರೂ ಚರಣದ ನಡುವೆ ‘ಟಕ್’ ಎನ್ನುತ್ತದೆ. ಸಾಲಾಗಿ ನಾಲ್ಕೈದು ತಡವಾದರೆ ಕರಕರ ಸದ್ದು. ಇನ್ನೂ ಮಿತಿಮೀರಿದರೆ ಕೆಲವು ಸಾಫ್ಟ್‌ವೇರುಗಳು ಹಾಡನ್ನೇ ನಿಲ್ಲಿಸಿ ಪರದೆಯ ಮೇಲೆ ಒಂದು ದೂರನ್ನು ತೋರಿಸುತ್ತವೆ. ಕೇಕ್‌ವಾಕ್ ಅದನ್ನು ‘ಡ್ರಾಪ್‌ಔಟ್’ ಎನ್ನುತ್ತದೆ, ಲಾಜಿಕ್ ‘ಸಿಸ್ಟಮ್ ಓವರ್‌ಲೋಡ್’ ಎನ್ನುತ್ತದೆ. ಕ್ಯೂಬೇಸ್, ರೀಪರ್‌ನಂಥವು ಸಾಮಾನ್ಯವಾಗಿ ಏನೂ ಹೇಳದೆ ಟಕ್ ಟಕ್ ಎನ್ನುತ್ತಲೇ ಮುಂದೆ ಸಾಗುತ್ತವೆ.

ಇಂಥ ಹೊತ್ತಿನಲ್ಲಿ ನಮ್ಮ ಮನೆ ಸ್ಟುಡಿಯೊಗಳಲ್ಲಿ ಮೊದಲು ಬರುವ ಮಾತು, “ರ‍್ಯಾಮ್ ಜಾಸ್ತಿ ಹಾಕ್ಸೋಣ್ವಾ ಸಾರ್?” ಎರಡನೆಯ ಮಾತು, “ಹೊಸ ಲ್ಯಾಪ್‌ಟಾಪೇ ತಗೊಂಬಿಡಿ.” ಎರಡಕ್ಕೂ ಖರ್ಚಿದೆ, ಬಹಳ ಸಲ ಎರಡರಿಂದಲೂ ಪ್ರಯೋಜನವಿಲ್ಲ. ಲಕ್ಷ ರೂಪಾಯಿಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಹತ್ತು ಟ್ರ್ಯಾಕಿನ ಹಾಡು ಕರಕರ ಎನ್ನುವುದೂ, ಪಕ್ಕದ ಬೀದಿಯ ಹಳೇ ಡೆಸ್ಕ್‌ಟಾಪಿನಲ್ಲಿ ಅದೇ ಹಾಡು ಸಲೀಸಾಗಿ ಹರಿಯುವುದೂ ಈ ಕಸುಬಿನವರಿಗೆ ಹೊಸದಲ್ಲ.

ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವವನು ಎಷ್ಟು ಜೋರಾಗಿ ಓಡುತ್ತಾನೆ ಎಂಬುದು ಉಣ್ಣುವವನಿಗೆ ಬೇಕಿಲ್ಲ. ಎಲೆ ಬರಿದಾಗುವ ಮೊದಲು ಬಕೆಟ್ಟು ಬಂದರೆ ಸಾಕು. ಇಡೀ ಮಧ್ಯಾಹ್ನ ಮಿಂಚಿನಂತೆ ಓಡಾಡಿದವನು ನಡುವೆ ಒಂದು ಸಲ ಫೋನ್ ಬಂತೆಂದು ಬಾಗಿಲಲ್ಲಿ ನಿಂತುಬಿಟ್ಟರೆ, ಆ ಸಾಲಿನವರಿಗೆ ಅವನ ವೇಗದಿಂದ ಏನು ಬಂತು? ಧ್ವನಿಯ ವಿಷಯದಲ್ಲಿ ಕಂಪ್ಯೂಟರಿಗೆ ಬೇಕಾದದ್ದೂ ಈ ಹೊತ್ತರಿವೇ. ಆದ್ದರಿಂದ ಡ್ರಾಪ್‌ಔಟ್ ಹುಡುಕುವುದೆಂದರೆ, ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡವರು ಯಾರೆಂದು ಪತ್ತೆ ಹಚ್ಚುವುದು.

ಹಿಂದೆ ಈ ಸಮಸ್ಯೆಗೆ ಬೇರೆಯದೇ ಪರಿಹಾರವಿತ್ತು. ಡಿಜಿಡಿಸೈನ್ ಕಂಪನಿ 1991ರಲ್ಲಿ ಪ್ರೊ ಟೂಲ್ಸ್ ತಂದಾಗ ಧ್ವನಿಯ ಲೆಕ್ಕಾಚಾರವನ್ನು ಮ್ಯಾಕಿನ ಪ್ರೊಸೆಸರಿಗೆ ಬಿಟ್ಟಿರಲಿಲ್ಲ. ಅದಕ್ಕೆಂದೇ ಮೊಟೊರೊಲಾ 56000 ಸರಣಿಯ ಚಿಪ್ಪುಗಳಿದ್ದ ಕಾರ್ಡುಗಳಿರುತ್ತಿದ್ದವು. ಆ ಚಿಪ್ಪುಗಳಿಗೆ ಮೇಲ್ ನೋಡುವ, ಮೌಸ್ ಓಡಿಸುವ ಕೆಲಸವಿರಲಿಲ್ಲ. ಜಾಗ ತುಂಬಿದರೆ ಇನ್ನೊಂದು ರಿವರ್ಬ್ ಹಾಕಲು ಬಿಡುತ್ತಲೇ ಇರಲಿಲ್ಲ, ಆದರೆ ಒಪ್ಪಿಕೊಂಡ ಕೆಲಸವನ್ನು ನಡುದಾರಿಯಲ್ಲಿ ಕೈಬಿಡುತ್ತಿರಲಿಲ್ಲ. ಬೆಲೆ ಮಾತ್ರ ದೊಡ್ಡ ಸ್ಟುಡಿಯೊಗಳಿಗಷ್ಟೇ ಎಟುಕುವಂಥದ್ದು. ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಸಂಸ್ಥೆ 1996ರಲ್ಲಿ, ರಿವರ್ಬ್‌ನಂಥ ಕೆಲಸಗಳನ್ನು ಸಾಫ್ಟ್‌ವೇರಿನಲ್ಲೇ ಮಾಡುವ ವಿಎಸ್‌ಟಿ ಪ್ಲಗಿನ್ನುಗಳನ್ನೂ ಮರುವರ್ಷ ಆಸಿಯೊ ಎಂಬ ಡ್ರೈವರ್ ಪದ್ಧತಿಯನ್ನೂ ತಂದ ಮೇಲೆ ಸಾಮಾನ್ಯ ಪಿ.ಸಿ.ಯೇ ಸ್ಟುಡಿಯೊ ಆಯಿತು. ಒಂದು ಕಾಲಕ್ಕೆ ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಮದ್ರಾಸಿಗೆ ಹೋಗುತ್ತಿದ್ದವರು ನಾವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದೇ ಆಗ ದೊಡ್ಡ ಸುದ್ದಿ. ಈಗ ಹಾಸನದ ಒಂದು ಮಹಡಿ ಕೋಣೆಯಲ್ಲಿ ಕಿರುಚಿತ್ರದ ಹಿನ್ನೆಲೆ ಸಂಗೀತ ತಯಾರಾಗುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ವೈಫೈ, ಆ್ಯಂಟಿವೈರಸ್, ಬ್ರೌಸರ್, ವಾಟ್ಸ್‌ಆ್ಯಪ್ ಎಲ್ಲವೂ ಧ್ವನಿಯ ಜೊತೆ ಒಂದೇ ಸೂರಿನಡಿ ಸಂಸಾರ ಮಾಡುತ್ತಿವೆ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ಇಷ್ಟು ಮಿಲಿಸೆಕೆಂಡಿನೊಳಗೆ ಕೊಟ್ಟೇ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡುವ ವ್ಯವಸ್ಥೆಗಳಲ್ಲ. ಲಿನಕ್ಸಿನಲ್ಲಿ ಅಂಥ ರಿಯಲ್‌ಟೈಮ್ ಸೌಲಭ್ಯ ಸುಮಾರು ಎರಡು ದಶಕ ಹೊರಗಿನ ತೇಪೆಯಾಗಿಯೇ ಇದ್ದು, 2024ರಲ್ಲಿ 6.12 ಆವೃತ್ತಿಯ ಹೊತ್ತಿಗೆ ಮುಖ್ಯ ಕರ್ನಲಿನೊಳಗೆ ಬಂತು.

ಇನ್ನು ಪತ್ತೇದಾರಿ. ಏನನ್ನೂ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಬೇಕು, ಬಹಳ ಮಂದಿ ಇದನ್ನೇ ಬಿಡುತ್ತಾರೆ. ಟಕ್ ಎಂದ ಜಾಗಕ್ಕೆ ಎರಡು ಸೆಕೆಂಡ್ ಹಿಂದೆ ಹೋಗಿ ಮತ್ತೆ ಹಾಕಿ. ಎರಡನೆಯ ಸಲವೂ ಅದೇ ಅಕ್ಷರದ ಮೇಲೆ ಟಕ್ ಎಂದರೆ ಅದು ಈಗಿನ ತಪ್ಪಲ್ಲ, ಫೈಲಿನಲ್ಲೇ ಕೂತಿದೆ. ಬೇರೆ ಕಡೆ ಸರಿದರೆ, ಅಥವಾ ಮಾಯವಾದರೆ, ಅದು ಪ್ಲೇಬ್ಯಾಕಿನ ಡ್ರಾಪ್‌ಔಟ್. ಫೈಲಿನಲ್ಲಿದೆ ಎನಿಸಿದರೆ ಆ ಜಾಗವನ್ನು ಜೂಮ್ ಮಾಡುತ್ತಾ ಹೋಗಿ. ಮೊದಲು ದಪ್ಪ ಪಟ್ಟಿಯಂತೆ ಕಂಡದ್ದು ನಿಧಾನವಾಗಿ ಅಲೆಯಾಗಿ, ಕೊನೆಗೆ ಬಿಡಿಬಿಡಿ ಚುಕ್ಕೆಗಳಾಗಿ ಬಿಚ್ಚಿಕೊಳ್ಳುತ್ತದೆ. ಮನುಷ್ಯರ ದನಿಯ ಅಲೆ ಎಷ್ಟೇ ಏರಿಳಿದರೂ ಅದರ ಬಾಗು ನುಣುಪು. ಡ್ರಾಪ್‌ಔಟ್ ಆದಲ್ಲಿ ಮಾತ್ರ ಅಲೆ ಗೋಡೆಯಂತೆ ನೆಟ್ಟಗೆ ಕಡಿದಿರುತ್ತದೆ. ಕೆಲವು ಸಲ ನಡುವೆ ಒಂದಿಷ್ಟು ದೂರ ಗೆರೆ ಎಳೆದಂತೆ ಸೊನ್ನೆ. ಆ ಸಪಾಟು ಜಾಗವನ್ನು ಅಳೆದು ನೋಡಿ. ಸರಿಯಾಗಿ 256 ಅಥವಾ 512 ಸ್ಯಾಂಪಲ್ ಬಂದರೆ ಕಳೆದುಹೋದದ್ದು ಒಂದು ಇಡೀ ಕಂತು ಎಂದು ಸಾಕ್ಷಿ ಸಿಕ್ಕಂತೆ. ಎರಡು ಟೇಕುಗಳನ್ನು ಕತ್ತರಿಸಿ ಕ್ರಾಸ್‌ಫೇಡ್ ಇಲ್ಲದೆ ಜೋಡಿಸಿದಲ್ಲೂ ಇಂಥದೇ ಗೋಡೆ ಕಾಣುತ್ತದೆ. ಅದಕ್ಕೆ ಕಂಪ್ಯೂಟರನ್ನು ಬೈದು ಫಲವಿಲ್ಲ.

ಈ ವ್ಯತ್ಯಾಸಕ್ಕೆ ಬೆಲೆಯಿದೆ. ಕೇಳುವಾಗ ಮಾತ್ರ ಬರುವ ಡ್ರಾಪ್‌ಔಟ್ ಕಿರಿಕಿರಿಯೇ ಹೊರತು ನಷ್ಟವಲ್ಲ. ಹಾಡನ್ನು ಕೊನೆಗೆ ಬೌನ್ಸ್ ಮಾಡುವಾಗ, ಅಂದರೆ ಒಂದೇ ಫೈಲಾಗಿ ಬರೆಸುವಾಗ, ಸಾಮಾನ್ಯವಾಗಿ ಗಡುವೇ ಇರುವುದಿಲ್ಲ, ಒಂದು ಕಂತಿಗೆ ಐದರ ಬದಲು ಐವತ್ತು ಮಿಲಿಸೆಕೆಂಡ್ ತೆಗೆದುಕೊಂಡರೂ ಕೇಳುವವರಿಲ್ಲ, ಫೈಲು ಶುದ್ಧವಾಗಿಯೇ ಬರುತ್ತದೆ. ಹಾಡಿಸುವಾಗ ಬಂದ ಡ್ರಾಪ್‌ಔಟ್ ಹಾಗಲ್ಲ. ಹೋದ ಸಂಗತಿ ಹೋಯಿತು, ಮತ್ತೆ ಹಾಡಿಸಬೇಕು.

ಕಂತಿನ ಅಳತೆಯನ್ನೇ ಬಫರ್ ಎನ್ನುವುದು. ಎಲ್ಲರಿಗೂ ಗೊತ್ತಿರುವ ಮದ್ದು ಅದನ್ನು ಹೆಚ್ಚಿಸುವುದು. 1024 ಇಟ್ಟರೆ ಗಡುವು 23 ಮಿಲಿಸೆಕೆಂಡಿಗೆ ಏರುತ್ತದೆ, ಯಂತ್ರ ಉಸಿರಾಡುತ್ತದೆ. ಆದರೆ ಮೈಕಿನಿಂದ ಒಳಹೋದ ದನಿ ಹೆಡ್‌ಫೋನಿಗೆ ಮರಳಲು ಹೋಗುವಾಗೊಂದು ಬರುವಾಗೊಂದು ಕಂತು ಕಾಯಬೇಕು. 256ರಲ್ಲೇ ಇದು 12 ಮಿಲಿಸೆಕೆಂಡಿನ ಹತ್ತಿರ, ಮೇಲೆ ಇಂಟರ್ಫೇಸಿನ, ಅಂದರೆ ಹೊರಗಿನ ಸೌಂಡ್ ಕಾರ್ಡಿನ, ಸ್ವಂತ ವಿಳಂಬ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಗಾಯಕಿಗೆ ತನ್ನದೇ ದನಿ ನಾಲ್ಕು ಮೀಟರ್ ಆಚೆಯಿಂದ ಬಂದಂತೆ. 1024ರಲ್ಲಂತೂ ಹದಿನೈದು ಮೀಟರಿಗೂ ಆಚೆ. ಅಲ್ಲಿ ಹಾಡುವುದು ಸಾಧ್ಯವೇ ಇಲ್ಲ. ಇದಕ್ಕೆ ಹೆದರಿ ಬಫರನ್ನು 64ಕ್ಕೆ, 32ಕ್ಕೆ ಇಳಿಸಿ, “ನಮ್ಮಲ್ಲಿ 32ರಲ್ಲೂ ಓಡುತ್ತೆ” ಎಂದು ಎದೆಯುಬ್ಬಿಸುವವರಿದ್ದಾರೆ. ನನಗೆ ಇದು ಸುಮ್ಮನೆ ಒಣಜಂಬವಾಗಿ ಕಾಣುತ್ತದೆ. ಗಾಯನ ರೆಕಾರ್ಡ್ ಮಾಡಲು ಅಷ್ಟು ಚಿಕ್ಕ ಬಫರ್ ಬೇಕಾಗಿಯೇ ಇಲ್ಲ. ಈಗಿನ ಅಗ್ಗದ ಇಂಟರ್ಫೇಸುಗಳಲ್ಲೂ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿನ ಹಂಗಿಲ್ಲದೆ ನೇರ ಹೆಡ್‌ಫೋನಿಗೆ ಹೋಗುತ್ತದೆ. ಸಾಫ್ಟ್‌ವೇರಿನೊಳಗಿನ ಮಾನಿಟರಿಂಗ್ ಆಫ್ ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಒಂದು ದನಿ ಎರಡಾಗಿ ಕೇಳುತ್ತದೆ. ಬಫರ್ ಆಮೇಲೆ ಎಷ್ಟಿದ್ದರೂ ಆದೀತು. ಚಿಕ್ಕ ಬಫರ್ ನಿಜವಾಗಿ ಬೇಕಿರುವುದು ಕೀಬೋರ್ಡಿನಲ್ಲಿ ತಬಲಾ, ಢೋಲಕ್ ಸ್ಯಾಂಪಲುಗಳನ್ನು ಬೆರಳಲ್ಲಿ ನುಡಿಸುವ ಪ್ರೋಗ್ರಾಮರಿಗೆ. ಅವರಿಗೂ 128 ಸಾಮಾನ್ಯವಾಗಿ ಸಾಕು.

ಬಫರ್ 1024 ಇಟ್ಟರೂ ಟಕ್ ನಿಲ್ಲದಿದ್ದರೆ ಕಳ್ಳ ಬೇರೆ ಕಡೆ ಇದ್ದಾನೆ. ವಿಂಡೋಸಿನಲ್ಲಿ ಮೊದಲ ಅನುಮಾನ ಡ್ರೈವರುಗಳ ಮೇಲೆ. ವೈಫೈ ಚಿಪ್ಪಿಗೆ ಏನಾದರೂ ಬಂದರೆ ಅದು ಪ್ರೊಸೆಸರಿನ ಭುಜ ತಟ್ಟಿ ಕರೆಯುತ್ತದೆ, ಅದರ ಡ್ರೈವರ್ ಒಂದು ತುರ್ತು ಚೀಟಿ ಬರೆಯುತ್ತದೆ. ಇದಕ್ಕೆ ಡಿಪಿಸಿ ಎಂದು ಹೆಸರು. ಆ ಚೀಟಿಯ ಕೆಲಸ ಮುಗಿಯುವವರೆಗೆ ಆ ಕೋರ್ ಮೇಲೆ ನಿಮ್ಮ ಹಾಡಿಗೆ ಸರದಿಯಿಲ್ಲ, ಧ್ವನಿಗೆ ಎಷ್ಟೇ ಆದ್ಯತೆ ಕೊಟ್ಟಿದ್ದರೂ ಸರಿ. ಇಂಥ ಚೀಟಿ 100 ಮೈಕ್ರೊಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು ಎಂಬುದು ಮೈಕ್ರೊಸಾಫ್ಟ್ ಡ್ರೈವರ್ ಬರೆಯುವವರಿಗೆ ಕೊಟ್ಟಿರುವ ಬುದ್ಧಿಮಾತು. ಪಾಲಿಸುವವರು ಎಲ್ಲರೂ ಅಲ್ಲ. ಲೇಟೆನ್ಸಿಮಾನ್ ಎಂಬ ಸಣ್ಣ ತಂತ್ರಾಂಶವಿದೆ, ಮನೆ ಬಳಕೆಗೆ ಪುಕ್ಕಟೆ. ಅದನ್ನು ಹತ್ತು ನಿಮಿಷ ಓಡಲು ಬಿಡಿ. ಮೊದಲು ಪಟ್ಟಿಗಳೆಲ್ಲ ಹಸಿರಾಗಿ ತಣ್ಣಗಿರುತ್ತವೆ. ಇದ್ದಕ್ಕಿದ್ದಂತೆ ಒಂದು ಪಟ್ಟಿ ಚಿಮ್ಮಿ ಕೆಂಪಾಗುತ್ತದೆ. ಡ್ರೈವರುಗಳ ಪುಟಕ್ಕೆ ಹೋಗಿ ಯಾರು ಹೆಚ್ಚು ಹೊತ್ತು ಹಿಡಿದರೆಂದು ನೋಡಿದರೆ ಸಾಮಾನ್ಯವಾಗಿ ಮೂರು ನಾಲ್ಕು ಹೆಸರುಗಳೇ ಮೇಲೆ ಬರುತ್ತವೆ. ನೆಟ್‌ವರ್ಕಿನದು, ಗ್ರಾಫಿಕ್ಸ್ ಕಾರ್ಡಿನದು, ಮತ್ತೆ ಲ್ಯಾಪ್‌ಟಾಪಿನ ಬ್ಯಾಟರಿ ಎಷ್ಟಿದೆಯೆಂದು ಆಗಾಗ ಕೇಳುವ ಎಸಿಪಿಐನದು. ಒಬ್ಬ ಮೂರು ಸಾವಿರ ಮೈಕ್ರೊಸೆಕೆಂಡು ಹಿಡಿದನೆಂದರೆ ನಿಮ್ಮ 5.8 ಮಿಲಿಸೆಕೆಂಡಿನಲ್ಲಿ ಅರ್ಧಕ್ಕೂ ಹೆಚ್ಚು ಅವನೊಬ್ಬನೇ ನುಂಗಿದಂತಾಯಿತು. ವೈಫೈ ಆಫ್ ಮಾಡಿ, ಪಟ್ಟಿ ತಣ್ಣಗಾಯಿತೇ ನೋಡಿ. ಆಗಲಿಲ್ಲವೇ, ಬ್ಲೂಟೂತ್. ಅದೂ ಅಲ್ಲವೇ, ಗ್ರಾಫಿಕ್ಸ್ ಡ್ರೈವರನ್ನು ಬೇರೆ ಆವೃತ್ತಿಗೆ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಬದಲಿಸಿದವರಿಗೆ ರೋಗ ವಾಸಿಯಾದರೂ ಯಾವ ಔಷಧದಿಂದ ಎಂಬುದು ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟಿಗೆ ಮತ್ತೆ ಮೊದಲಿಂದ ಶುರು.

ಮ್ಯಾಕ್ ಇದ್ದವರು ನಗಬೇಕಿಲ್ಲ. ಆ್ಯಪಲ್ 2018ರಲ್ಲಿ ತಂದ ಮ್ಯಾಕ್‌ಬುಕ್ ಪ್ರೊ, ಏರ್, ಮ್ಯಾಕ್ ಮಿನಿಗಳಲ್ಲಿ ಯುಎಸ್‌ಬಿ ಇಂಟರ್ಫೇಸ್ ಹಾಕಿದರೆ ಧ್ವನಿ ಆಗಾಗ ತುಂಡಾಗುತ್ತಿತ್ತು. ಎಷ್ಟು ಬಫರ್ ಏರಿಸಿದರೂ ಅಷ್ಟೇ. ಗಡಿಯಾರದ ಸಮಯವನ್ನು ಇಂಟರ್ನೆಟ್ಟಿನಿಂದ ತಾನೇ ಸರಿಪಡಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿದರೆ ತೊಂದರೆ ನಿಲ್ಲುತ್ತದೆಂದು ಬಳಕೆದಾರರೇ ಕಂಡುಕೊಂಡರು. 2019ರ 10.14.4 ಅಪ್‌ಡೇಟಿನಲ್ಲಿ ಈ ಮಾದರಿಗಳ ಯುಎಸ್‌ಬಿ ಧ್ವನಿಯನ್ನು ಸುಧಾರಿಸಿರುವುದಾಗಿ ಕಂಪನಿ ತಾನೇ ಬರೆಯಿತು. ದುಬಾರಿ ಯಂತ್ರ, ವೇಗದ ಚಿಪ್ಪು, ಆದರೂ ಕಳ್ಳ ಕೂತಿದ್ದು ಗಡಿಯಾರದಲ್ಲಿ!

ಇನ್ನೊಂದು ಗೊಂದಲ ಎಲ್ಲರನ್ನೂ ಕಾಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿ.ಪಿ.ಯು. 20 ಪ್ರತಿಶತವಷ್ಟೇ ಎನ್ನುತ್ತದೆ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರ್ ಮಾತ್ರ ಕೆಂಪು ಮುಟ್ಟಿರುತ್ತದೆ. ಯಾರು ಸುಳ್ಳು? ಇಬ್ಬರೂ ಅಲ್ಲ. ಎಂಟು ಕೋರ್ ಇದ್ದ ಮಾತ್ರಕ್ಕೆ ಒಂದು ಟ್ರ್ಯಾಕಿನ ಕೆಲಸವನ್ನು ಎಂಟಾಗಿ ಹರಿದು ಹಂಚಲಾಗದು. ಗಾಯನದ ಟ್ರ್ಯಾಕಿನಲ್ಲಿ ಶ್ರುತಿ ತಿದ್ದುವ ಪ್ಲಗಿನ್, ಅದರ ಕೆಳಗೆ ಈಕ್ವಲೈಸರ್, ಕಂಪ್ರೆಸರ್, ಡಿ-ಎಸ್ಸರ್ ಸಾಲಾಗಿ ನಿಂತಿದ್ದರೆ ಒಂದರ ಕೆಲಸ ಮುಗಿಯದೆ ಇನ್ನೊಂದು ಶುರುವಾಗುವಂತಿಲ್ಲ. ಆ ಸಾಲು ಇಡಿಯಾಗಿ ಒಂದು ಕೋರ್ ಮೇಲೆ ಕೂರುತ್ತದೆ. ಆಮೇಲೆ ಎಲ್ಲ ಟ್ರ್ಯಾಕುಗಳೂ ಬಂದು ಸೇರುವ ಮಾಸ್ಟರ್ ಬಸ್ ಇದೆಯಲ್ಲ, ಅದು ಎಲ್ಲರೂ ಬಂದ ಮೇಲೆಯೇ ಹೊರಡಬೇಕು. ಯೂಟ್ಯೂಬ್ ನೋಡಿ ಮಾಸ್ಟರಿನ ಮೇಲೆ ಆರೇಳು ಪ್ಲಗಿನ್ ಪೇರಿಸಿ, ಅದರ ಅಡಿಯಲ್ಲೇ ಹಾಡಿಸಲು ಕೂರುವುದು ಈಗಿನ ಫ್ಯಾಷನ್ನು. ಮಿಕ್ಸಿಂಗಿನ ಕೆಲಸ ಮಿಕ್ಸಿಂಗಿಗೇ ಇರಲಿ. ಹಾಡಿಸುವ ದಿನ ಮಾಸ್ಟರ್ ಬರಿದಾಗಿರುವುದೇ ವಾಸಿ. ಪ್ರೋಗ್ರಾಮಿಂಗ್ ಮುಗಿದ ವಾದ್ಯಗಳನ್ನು ಫ್ರೀಜ್ ಮಾಡಿದರೆ ಅವು ಮಾಮೂಲಿ ಆಡಿಯೊ ಟ್ರ್ಯಾಕುಗಳಂತೆ ಹಗುರಾಗುತ್ತವೆ. ಬರೀ ಮ್ಯೂಟ್ ಮಾಡಿದರೆ ಪ್ಲಗಿನ್ನುಗಳು ಒಳಗೆ ದುಡಿಯುತ್ತಲೇ ಇರಬಹುದು, ಅವನ್ನು ಪೂರ್ತಿ ಆಫ್ ಮಾಡಬೇಕು. 96 ಕಿಲೊಹರ್ಟ್ಸಿನಲ್ಲಿ ರೆಕಾರ್ಡ್ ಮಾಡುವವರಿಗೂ ಒಂದು ಮಾತು. ಅಲ್ಲಿ ಅದೇ 256 ಸ್ಯಾಂಪಲಿಗೆ ಸಿಗುವುದು 2.7 ಮಿಲಿಸೆಕೆಂಡು ಮಾತ್ರ. ಕೊನೆಗೆ ಹಾಡು ಹೋಗುವುದು ಮೊಬೈಲ್ ಸ್ಪೀಕರಿಗೆ.

ಪ್ಲಗಿನ್ನುಗಳ ಬಗ್ಗೆ ಒಂದು ಹಳೇ ವಿಚಿತ್ರ ನೆನಪಾಗುತ್ತದೆ. ಪೆಂಟಿಯಂ 4 ಕಾಲದಲ್ಲಿ ಹಾಡು ಮುಗಿದು ಸ್ಪೀಕರ್ ಸುಮ್ಮನಾದ ಮೇಲೆ ಸಿ.ಪಿ.ಯು. ಮೀಟರ್ ಮೇಲೇರುತ್ತಿತ್ತು. ರಿವರ್ಬಿನ ಬಾಲ ಕ್ಷೀಣಿಸುತ್ತಾ ಹೋದಂತೆ ಅದರ ಅಂಕಿಗಳು ಸೊನ್ನೆಗೆ ಎಷ್ಟು ಹತ್ತಿರವಾಗುತ್ತಿದ್ದವೆಂದರೆ, ಆ ಅತಿಸಣ್ಣ ಅಂಕಿಗಳನ್ನು ಕೂಡಿ ಗುಣಿಸಲು ಪ್ರೊಸೆಸರಿಗೆ ಮಾಮೂಲಿಗಿಂತ ಹತ್ತಾರು ಪಟ್ಟು ಹೊತ್ತು ಬೇಕಾಗುತ್ತಿತ್ತು. ಪ್ಲಗಿನ್ ಬರೆಯುವವರು ಉಪಾಯ ಮಾಡಿದರು, ಕಿವಿಗೆ ಕೇಳದಷ್ಟು ಸಣ್ಣ ಗುಜುಗುಜು ಸದ್ದನ್ನು ತಾವೇ ಬೆರೆಸಿದರು. ಈಗಿನ ಚಿಪ್ಪುಗಳಲ್ಲಿ ಇಂಥ ಅಂಕಿಗಳನ್ನು ಸೊನ್ನೆಯೆಂದೇ ಹಿಡಿ ಎಂದು ಹೇಳುವ ಸೌಕರ್ಯವಿದೆ, ಒಳ್ಳೆಯ ಪ್ಲಗಿನ್ನುಗಳು ಅದನ್ನು ಬಳಸುತ್ತವೆ.

ನಮ್ಮ ಕಡೆಯ ಮನೆ ಸ್ಟುಡಿಯೊಗಳಿಗೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಸೆಕೆ. ಟೇಕ್ ತೆಗೆಯುವಾಗ ಫ್ಯಾನ್ ಆರಿಸುತ್ತೇವೆ, ಎ.ಸಿ. ಇದ್ದರೆ ಅದನ್ನೂ ಆರಿಸುತ್ತೇವೆ, ಬೀದಿಯ ಹಾರ್ನ್ ಒಳಬಾರದೆಂದು ಕಿಟಕಿ ಬಾಗಿಲು ಮುಚ್ಚುತ್ತೇವೆ. ಗೋಡೆಗೆ ಫೋಮ್ ಬೇರೆ. ಏಪ್ರಿಲಿನ ಮಧ್ಯಾಹ್ನ ಕಲಬುರಗಿ, ರಾಯಚೂರಿನಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಆ ಪೆಟ್ಟಿಗೆಯಂಥ ಕೋಣೆಯೊಳಗೆ ಲ್ಯಾಪ್‌ಟಾಪಿನ ಪಾಡೇನು? ಪ್ರೊಸೆಸರ್ ಕಾದಂತೆ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬೆಳಿಗ್ಗೆ ಸಲೀಸಾಗಿದ್ದ ಹಾಡು ಮಧ್ಯಾಹ್ನ ಮೂರಕ್ಕೆ ಕರಕರ ಎನ್ನಲು ತೊಡಗಿದರೆ, ಹತ್ತು ನಿಮಿಷ ವಿರಾಮ ಕೊಟ್ಟಾಗ ಮತ್ತೆ ಸರಿಹೋದರೆ, ಸಾಫ್ಟ್‌ವೇರಿನ ಆಯ್ಕೆಗಳನ್ನು ಕೆದಕುವುದು ವ್ಯರ್ಥ. ಲ್ಯಾಪ್‌ಟಾಪನ್ನು ಮೆತ್ತನೆಯ ಬಟ್ಟೆ, ದಿಂಬಿನ ಮೇಲಿಂದ ಎತ್ತಿ ಹಿಂಭಾಗ ಎತ್ತರಿಸಿ ಇಡಬೇಕು, ಒಳಗಿನ ಧೂಳು ತೆಗೆಸಬೇಕು. ಕರೆಂಟು ಹೋಗಿ ಬ್ಯಾಟರಿಗೆ ಬಂದಾಗಲೂ ಇದೇ ಕಥೆ, ಬ್ಯಾಟರಿ ಉಳಿಸಲು ಯಂತ್ರ ತನ್ನ ಓಟ ತಗ್ಗಿಸುತ್ತದೆ. ಪವರ್ ಪ್ಲಾನಿನಲ್ಲಿ ಹೈ ಪರ್ಫಾರ್ಮೆನ್ಸ್ ಆಯ್ದುಕೊಳ್ಳುವುದು, ಯುಎಸ್‌ಬಿ ಪೋರ್ಟುಗಳು ನಿದ್ದೆಗೆ ಜಾರದಂತೆ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸುವುದು ಎರಡು ನಿಮಿಷದ ಕೆಲಸ. ಇಂಟರ್ಫೇಸನ್ನು ಹಬ್ಬಿಗೆ ಚುಚ್ಚಿ, ಅದೇ ಹಬ್ಬಿನಲ್ಲಿ ಮೊಬೈಲನ್ನೂ ಚಾರ್ಜಿಗಿಡುವ ಅಭ್ಯಾಸವನ್ನಂತೂ ಬಿಡಲೇಬೇಕು.

ಕೆಲವು ಟಕ್‌ಗಳು ಗಡಿಯಾರ ಹಿಡಿದಂತೆ ಕ್ರಮಬದ್ಧವಾಗಿ ಬರುತ್ತವೆ, ಯಂತ್ರದ ಮೇಲೆ ಯಾವ ಹೊರೆಯೂ ಇಲ್ಲದಾಗಲೂ. ಇವು ತಡವಾದದ್ದರ ಫಲವಲ್ಲ, ಎರಡು ಸಾಧನಗಳ ಗಡಿಯಾರ ಹೊಂದದ ಫಲ. ಯುಎಸ್‌ಬಿ ಮೈಕಿನಿಂದ ದನಿ ಒಳಗೆ, ಲ್ಯಾಪ್‌ಟಾಪಿನದೇ ಹೆಡ್‌ಫೋನ್ ರಂಧ್ರದಿಂದ ಹೊರಗೆ ಎಂಬ ಏರ್ಪಾಡಿನಲ್ಲಿ ಇದು ಸಾಮಾನ್ಯ. ಎರಡೂ 48,000 ಎಂದೇ ಹೇಳಿಕೊಂಡರೂ ಒಳಗಿನ ಗಡಿಯಾರದ ಹರಳುಗಳು ಕೂದಲೆಳೆಯಷ್ಟು ಬೇರೆ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೂ ಒಂಬತ್ತು ನಿಮಿಷದಲ್ಲಿ 256 ಸ್ಯಾಂಪಲಿನಷ್ಟು ಅಂತರ ಬೀಳುತ್ತದೆ. ಐದು ನಿಮಿಷದ ಹಾಡಿನಲ್ಲಿ ಇದು ಕಾಣದೇ ಹೋಗಬಹುದು. ಎರಡು ಗಂಟೆಯ ತಾಳಮದ್ದಲೆ ರೆಕಾರ್ಡ್ ಮಾಡುವವರಿಗೆ ಮಾತ್ರ ಅರ್ಥಧಾರಿಯ ವಾಗ್ಝರಿಯ ನಡುವೆ ಟಕ್, ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಒಳಗೂ ಹೊರಗೂ ಒಂದೇ ಇಂಟರ್ಫೇಸ್ ಬಳಸಿದರೆ ಸಮಸ್ಯೆಯ ಬುಡವೇ ಕಿತ್ತುಹೋಗುತ್ತದೆ. ಇಂಟರ್ಫೇಸಿನ ಕ್ಲಾಕ್ ಆಯ್ಕೆ ‘ಇಂಟರ್ನಲ್’ ಎಂದಿದೆಯೇ ಎಂದೂ ಒಮ್ಮೆ ನೋಡಬೇಕು. ಯಾರೋ ಎಂದೋ ಅದನ್ನು ‘ಎಕ್ಸ್‌ಟರ್ನಲ್’ ಮಾಡಿಟ್ಟಿದ್ದರೆ ಅದು ಇಲ್ಲದ ಗಡಿಯಾರವನ್ನು ಕಾಯುತ್ತಾ ಕೂತಿರುತ್ತದೆ.

ಡಿಸ್ಕಿನ ಮೇಲೆ ಅನುಮಾನ ಪಡುವ ಕಾಲ ಬಹುತೇಕ ಮುಗಿದಿದೆ. 24 ಬಿಟ್ಟಿನ ಐವತ್ತು ಮೋನೊ ಟ್ರ್ಯಾಕುಗಳು ಸೇರಿದರೂ ಸೆಕೆಂಡಿಗೆ ಏಳು ಮೆಗಾಬೈಟಿನ ಒಳಗೇ, ಎಸ್‌ಎಸ್‌ಡಿಗೆ ಅದು ಲೆಕ್ಕಕ್ಕಿಲ್ಲ. ತಿರುಗುವ ಹಳೇ ಹಾರ್ಡ್ ಡಿಸ್ಕಿನಲ್ಲಿ ದೊಡ್ಡ ಸ್ಯಾಂಪಲ್ ಲೈಬ್ರರಿ ಇಟ್ಟುಕೊಂಡವರು, ಪ್ರಾಜೆಕ್ಟನ್ನು ಒನ್‌ಡ್ರೈವ್ ಫೋಲ್ಡರಿನಲ್ಲೇ ಸೇವ್ ಮಾಡುವವರು ಮಾತ್ರ ಎಚ್ಚರವಿರಬೇಕು. ರ‍್ಯಾಮ್ ಉಪಯೋಗಕ್ಕೆ ಬರುವುದೂ ಇಂಥ ಲೈಬ್ರರಿಗಳಿಗೇ.

ಗಾಯಕಿ ಮೈಕಿನ ಮುಂದೆ ನಿಂತಿರುವಾಗ ಇಷ್ಟೆಲ್ಲ ಪತ್ತೇದಾರಿಗೆ ಪುರಸೊತ್ತಿರುವುದಿಲ್ಲ, ಬೇಕಾಗಿಯೂ ಇಲ್ಲ. ಹಿನ್ನೆಲೆ ಟ್ರ್ಯಾಕನ್ನು ಎರಡು ಚಾನೆಲಿನ ಒಂದೇ ಫೈಲಾಗಿ ಬೌನ್ಸ್ ಮಾಡಿ, ಹೊಸ ಖಾಲಿ ಪ್ರಾಜೆಕ್ಟಿನಲ್ಲಿ ಅದೊಂದನ್ನೇ ಹಾಕಿ, ಬಫರ್ 512 ಇಟ್ಟು, ಡೈರೆಕ್ಟ್ ಮಾನಿಟರ್ ಒತ್ತಿ, ವೈಫೈ ಆಫ್ ಮಾಡಿ ಹಾಡಿಸಿಬಿಡಿ. ಹಾಡಿದ್ದನ್ನು ಆಮೇಲೆ ಮೂಲ ಪ್ರಾಜೆಕ್ಟಿಗೆ ತಂದು ಅದೇ ಜಾಗಕ್ಕೆ ಜೋಡಿಸಬಹುದು. ಪ್ಲಗಿನ್ನುಗಳ ಸಾಲು, ಕೆಂಪು ಪಟ್ಟಿ, ಡ್ರೈವರಿನ ಆವೃತ್ತಿಗಳನ್ನೆಲ್ಲ ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ನೋಡಿಕೊಂಡರಾಯಿತು.